ಎರಡು ಸಾಲದ ಹಾಡು, ಎರಡು ಸ್ವಂತದ ಹಾಡು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಸಣ್ಣ ರೆಕಾರ್ಡಿನ ಬಗ್ಗೆ ಮಾತಾಡುತ್ತೇನೆ. ಫಿನ್‌ಲ್ಯಾಂಡಿನ ಸೊನಾಟಾ ಆರ್ಕ್ಟಿಕಾ ಎಂಬ ಪವರ್ ಮೆಟಲ್ ಬ್ಯಾಂಡು 2000ದಲ್ಲಿ ತಂದ 'ಸಕ್ಸೆಸರ್' ಎಂಬ ಇಪಿ, ಅಂದರೆ ಆಲ್ಬಮ್ಮಿಗಿಂತ ಚಿಕ್ಕ ರೆಕಾರ್ಡು. ಏಳು ಟ್ರ್ಯಾಕು, ಅರ್ಧ ಗಂಟೆಯ ಆಸುಪಾಸು. ಎರಡು ಆಲ್ಬಮ್‌ಗಳ ನಡುವೆ ಅಭಿಮಾನಿಗಳ ಬಾಯಿ ಮುಚ್ಚಿಸಲು ಸುಮ್ನೆ ಬಿಟ್ಟಿದ್ದು ಅಂತ ಇದನ್ನು ಬದಿಗೆ ಸರಿಸುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಈ ಬ್ಯಾಂಡು ಯಾರಿಂದ ಕಲಿಯಿತು, ಮುಂದೆ ಯಾವ ಕಡೆ ಹೊರಳಿತು, ಎರಡೂ ಈ ಅರ್ಧ ಗಂಟೆಯಲ್ಲಿ ಸಿಗುತ್ತವೆ.

ಪವರ್ ಮೆಟಲ್ ಕೇಳದವರಿಗೆ ಒಂದೆರಡು ಮಾತು. ಡ್ರಮ್ಮಿನವನ ಎರಡೂ ಕಾಲು ಬಿಡುವಿಲ್ಲದೆ ಓಡುತ್ತಿರುತ್ತವೆ. ಗಿಟಾರೂ ಅಷ್ಟೇ ವೇಗ. ಅದರ ಮೇಲೆ ಗಾಯಕ ತಾರಸ್ಥಾಯಿಯಲ್ಲಿ ಏರಿ ನಿಲ್ಲುತ್ತಾನೆ, ಪಲ್ಲವಿ ಬಂದಾಗ ಜನರೆಲ್ಲ ಜೊತೆಗೆ ಹಾಡುತ್ತಾರೆ. ಗದ್ದಲದ ಸಂಗೀತ ಅಂತ ದೂರ ಇಡುತ್ತೀರಲ್ವಾ, ಆದರೆ ಒಳಗೆ ರಾಗ ಇಲ್ಲದಿದ್ದರೆ ಈ ಸಂಗೀತ ಒಂದು ನಿಮಿಷವೂ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಇದಕ್ಕೆ ಒಂದು ರೂಪ ಕೊಟ್ಟವರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಹೆಲೋವೀನ್ ಬ್ಯಾಂಡಿಗೆ ದೊಡ್ಡ ಪಾಲು.

ಸೊನಾಟಾ ಆರ್ಕ್ಟಿಕಾ ಕೆಮಿ ಎಂಬ ಊರಿನವರು. ಬೋತ್ನಿಯಾ ಕೊಲ್ಲಿಯ ಉತ್ತರದ ತುದಿಯಲ್ಲಿದೆ ಆ ಊರು. 1999ರಲ್ಲಿ ಅವರ ಮೊದಲ ಆಲ್ಬಮ್ 'ಎಕ್ಲಿಪ್ಟಿಕಾ' ಬಂತು. ಅದರಲ್ಲಿ ಗಾಯಕ ಟೋನಿ ಕಾಕ್ಕೊ ತಾವೇ ಕೀಬೋರ್ಡ್ ಕೂಡ ನುಡಿಸಿದ್ದಾರೆ. ಆಲ್ಬಮ್ ಹೆಸರು ಮಾಡಿತು, ಬೆನ್ನಿಗೇ ಈ ಇಪಿ.

ಮೊದಲ ಟ್ರ್ಯಾಕಿನ ಬಗ್ಗೆ ನನಗೆ ತಕರಾರಿದೆ. 'ಎಕ್ಲಿಪ್ಟಿಕಾ'ದ 'ಫುಲ್‌ಮೂನ್' ಹಾಡನ್ನು ಕತ್ತರಿಸಿ ಚಿಕ್ಕದು ಮಾಡಿ ಇಟ್ಟಿದ್ದಾರೆ. ಹುಣ್ಣಿಮೆಯ ರಾತ್ರಿ ತೋಳವಾಗುವ ಗಂಡಸಿನ ಕಥೆ ಅದು. ಮೂಲದಲ್ಲಿ ಮೆಲ್ಲಗೆ ಶುರುವಾಗಿ, ಭಯ ಹತ್ತುತ್ತಾ ಹತ್ತುತ್ತಾ ಹೋಗಿ, ಆಮೇಲೆ ಒಮ್ಮೆಲೇ ಓಟ ಕೀಳುತ್ತದೆ. ಕಥೆ ಹೇಳುವ ಹಾಡಿಗೆ ಕತ್ತರಿ ಹಾಕಿದರೆ ಏನು ಉಳಿಯುತ್ತದೆ? ಪಲ್ಲವಿ ಉಳಿಯುತ್ತದೆ. ಪಲ್ಲವಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಹಾಡು ಆರನೇ ಟ್ರ್ಯಾಕಾಗಿ ಲೈವ್ ರೂಪದಲ್ಲಿ ಮತ್ತೆ ಬರುತ್ತದೆ. ಏಳರಲ್ಲಿ ಎರಡು ಜಾಗ ಒಂದೇ ಹಾಡಿಗೆ. ದುಡ್ಡು ಕೊಟ್ಟು ಕೊಂಡವರಿಗೆ ಸಿಟ್ಟು ಬಂದಿದ್ದರೆ ತಪ್ಪಿಲ್ಲ.

ಇನ್ನು ಸಾಲದ ಹಾಡುಗಳು, ಅಂದರೆ ಕವರ್‌ಗಳು. ಎರಡೂ ಜರ್ಮನಿಯವೇ. ಒಂದು ಸ್ಕಾರ್ಪಿಯನ್ಸ್ ಬ್ಯಾಂಡಿನ 'ಸ್ಟಿಲ್ ಲವಿಂಗ್ ಯೂ', 1984ರದು. ಇನ್ನೊಂದು ಹೆಲೋವೀನ್‌ನ 'ಐ ವಾಂಟ್ ಔಟ್', 1988ರದು.

'ಐ ವಾಂಟ್ ಔಟ್' ಬರೆದವರು ಗಿಟಾರಿಸ್ಟ್ ಕೈ ಹ್ಯಾನ್ಸನ್. ನನ್ನನ್ನು ನನ್ನ ಪಾಡಿಗೆ ಬಿಡಿ, ನಾನು ಹೊರಗೆ ಹೋಗಬೇಕು ಅನ್ನುವ ಹಾಡು. ತಮಾಷೆ ಅಂದರೆ ಮರುವರ್ಷವೇ ಅವರು ನಿಜಕ್ಕೂ ಹೆಲೋವೀನ್ ಬಿಟ್ಟು ಹೋದರು. ಹಾಡಿದ ಮೈಕಲ್ ಕಿಸ್ಕೆಗೆ ಆಗ ಇಪ್ಪತ್ತು ವರ್ಷ, ಕಂಠದಲ್ಲಿ ಏನು ಹುಮ್ಮಸ್ಸು! ಸೊನಾಟಾದವರು ಇದನ್ನು ಬಹಳ ಗೌರವದಿಂದ ನುಡಿಸಿದ್ದಾರೆ. ನನ್ನ ದೂರು ಕೂಡ ಅದೇ. ಜಾಸ್ತಿ ಗೌರವ ಆಯ್ತು. ಶುರುವಿನ ಆ ಗಿಟಾರ್ ರಾಗ ಸರಿಯಾಗಿ ಬಂದಿದೆ, ಪಲ್ಲವಿ ಏರಬೇಕಾದಲ್ಲಿ ಏರುತ್ತದೆ, ಎಲ್ಲಾ ಇದೆ, ಆದರೆ ಮನೆ ಬಿಟ್ಟು ಹೊರಡುವವನ ಸಿಟ್ಟು ಮಾತ್ರ ಇಲ್ಲ. ಟೋನಿ ಹಾಡಿದರೆ ಹೊರಗೆ ಹೋಗಬೇಕು ಅನ್ನುವವನು ಬಾಗಿಲಲ್ಲಿ ನಿಂತು ಯಾರಾದರೂ ತಡೆಯುತ್ತಾರಾ ಅಂತ ತಿರುಗಿ ನೋಡಿದ ಹಾಗೆ ಕೇಳಿಸುತ್ತದೆ. ಸ್ವೀಡನ್ನಿನ ಹ್ಯಾಮರ್‌ಫಾಲ್ ಬ್ಯಾಂಡು ಕೂಡ ಒಂದು ವರ್ಷ ಮೊದಲು, 1999ರಲ್ಲಿ, ಇದೇ ಹಾಡನ್ನು ಮುಂದಿಟ್ಟುಕೊಂಡು ಒಂದು ಚಿಕ್ಕ ರೆಕಾರ್ಡ್ ತಂದಿತ್ತು, ಅದಕ್ಕೆ ಕೈ ಹ್ಯಾನ್ಸನ್ ಅವರೇ ಬಂದು ಜೊತೆಯಾಗಿದ್ದರು. ಎದೆ ತಟ್ಟಿ ಹಾಡಬೇಕಾದ ಹಾಡು, ಅದು ಹ್ಯಾಮರ್‌ಫಾಲ್‌ಗೆ ಒಗ್ಗುತ್ತದೆ.

'ಸ್ಟಿಲ್ ಲವಿಂಗ್ ಯೂ' ಕಥೆ ಬೇರೆ. ಮೂಲದಲ್ಲಿ ಸ್ಕಾರ್ಪಿಯನ್ಸ್ ಗಾಯಕ ಕ್ಲಾಸ್ ಮೈನೆ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಒಬ್ಬಳ ಮುಂದೆ ಗೋಗರೆಯುತ್ತಾರೆ. ಒಬ್ಬನೇ ಮನುಷ್ಯ, ಒಂದೇ ದನಿ. ಟೋನಿಯ ಅಭ್ಯಾಸ ಬೇರೆ, ತಮ್ಮ ದನಿಯ ಮೇಲೆ ತಮ್ಮದೇ ದನಿ ಪೇರಿಸುತ್ತಾರೆ. ಹಾಗಾಗಿ ಬೇಡಿಕೊಳ್ಳುವವರ ಒಂದು ಗುಂಪೇ ನಿಂತಂತಾಗುತ್ತದೆ. ಸ್ಕಾರ್ಪಿಯನ್ಸ್ ಅಭಿಮಾನಿಗಳಿಗೆ ಇದು ಅತಿ ಅನ್ನಿಸಬಹುದು. ನನಗೆ ಇಷ್ಟ. ಯಾಕಂದರೆ ಇಲ್ಲಿ ಅವರು ಯಾರನ್ನೂ ಅನುಕರಿಸುತ್ತಿಲ್ಲ, ಸೋತ ಪ್ರೀತಿ ಅವರದೇ ವಿಷಯ.

ಅದು ಸುಳ್ಳಲ್ಲ ಅಂತ ತೋರಿಸುವುದು ಮುಂದಿನ ಎರಡು ಸ್ವಂತ ಹಾಡುಗಳು. 'ಸ್ಯಾನ್ ಸೆಬಾಸ್ಟಿಯನ್' ಓಡುವ ಹಾಡು. ಕೀಬೋರ್ಡು, ಗಿಟಾರು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ತೊಮ್ಮಿ ಪೋರ್ತಿಮೊ ಡ್ರಮ್ಮಿನಲ್ಲಿ ಉಸಿರು ಬಿಡುವುದಿಲ್ಲ. 2001ರ 'ಸೈಲೆನ್ಸ್' ಆಲ್ಬಮ್ಮಿಗೆ ಇದನ್ನೇ ಮತ್ತೊಮ್ಮೆ ರೆಕಾರ್ಡ್ ಮಾಡಿದರು. ಹೊಸದು ಹೆಚ್ಚು ನಯ. ಆದರೂ ಮೊದಲನೆಯದರಲ್ಲಿ ಒಂದು ಗಡಿಬಿಡಿ ಇದೆಯಲ್ಲ, ಅದು ನನಗೆ ಬೇಕು.

ಇನ್ನು 'ಶೈ'. ಈ ಇಪಿಯನ್ನು ಇದೊಂದಕ್ಕಾಗಿಯೇ ಇಟ್ಟುಕೊಳ್ಳಬಹುದು. ರಾತ್ರಿ ಊಟದ ಹೋಟೆಲಿನಲ್ಲಿ ಕೆಲಸ ಮಾಡುವ ಒಬ್ಬಾಕೆ. ಅವಳನ್ನು ದೂರದಿಂದ ನೋಡುವ ಒಬ್ಬ. ಕಣ್ಣು ಸೇರಿದರೆ ಮುಖ ತಿರುಗಿಸುತ್ತಾನೆ. ಅವಳು ಮನೆ ಸೇರುವವರೆಗೆ ಹಿಂದೆ ಇರುತ್ತಾನೆ, ಅವಳಿಗೆ ಕಾಣದ ಹಾಗೆ. ಇಷ್ಟೇ ಕಥೆ. ಈಗಿನ ಕಿವಿಗೆ ಇದು ಸ್ವಲ್ಪ ಹೆದರಿಕೆಯನ್ನೂ ಹುಟ್ಟಿಸುತ್ತದೆ, ಹೀಗೆ ಹಿಂಬಾಲಿಸುವವನನ್ನು ಪಾಪ ಅನ್ನಬೇಕಾ, ಪೊಲೀಸರಿಗೆ ಹೇಳಬೇಕಾ? ಹಾಡು ತೀರ್ಪು ಕೊಡುವುದಿಲ್ಲ. ರಾಗ ಎಷ್ಟು ಮೃದುವಾಗಿದೆ ಅಂದರೆ ನಾವು ಅವನ ಪರ ನಿಂತುಬಿಡುತ್ತೇವೆ, ಹಾಡು ಮುಗಿದ ಮೇಲೆ ಇರುಸುಮುರುಸಾಗುತ್ತದೆ. ತೋಳ, ಹುಣ್ಣಿಮೆ ಏನೂ ಇಲ್ಲದೆ ಇಷ್ಟು ಮಾಡಿದ್ದಾರೆ ಅಂದರೆ ಬರೆಯುವ ಕೈ ಗಟ್ಟಿಯೇ.

2007ರಲ್ಲಿ ಸೊನಾಟಾದವರ 'ಯೂನಿಯಾ' ಆಲ್ಬಮ್ ಬಂದಾಗ ಅಭಿಮಾನಿಗಳು ಬಹಳ ಬೇಜಾರು ಮಾಡಿಕೊಂಡರು. ವೇಗ ಹೋಯ್ತು, ಬ್ಯಾಂಡ್ ಹಾಳಾಯ್ತು ಅಂತ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: 'ಶೈ' ಅವತ್ತೇ ಇತ್ತಲ್ಲ! ವೇಗ ಹೆಲೋವೀನ್‌ನಿಂದ, ಆಮೇಲೆ ತಮ್ಮದೇ ದೇಶದ ಸ್ಟ್ರಾಟೋವೇರಿಯಸ್‌ನಂಥವರಿಂದ ಕಲಿತದ್ದು. ಹೇಳಿಕೊಳ್ಳಲಾಗದ ನೋವನ್ನು ನಿಧಾನವಾಗಿ ಹಾಡುವುದು ಮಾತ್ರ ಶುರುವಿನಿಂದಲೂ ಟೋನಿಯದೇ.

ಕೊನೆಗೆ ಎರಡು ಲೈವ್ ಹಾಡುಗಳಿವೆ, 'ಫುಲ್‌ಮೂನ್' ಮತ್ತು 'ಮೈ ಲ್ಯಾಂಡ್'. ಪರವಾಗಿಲ್ಲ. ಹೊಸ ಬ್ಯಾಂಡು ವೇದಿಕೆಯಲ್ಲೂ ತಡವರಿಸದೆ ನುಡಿಸುತ್ತದೆ ಅಂತ ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚೇನಿಲ್ಲ. ಹೊಸದಾಗಿ ಕೇಳುವವರಿದ್ದರೆ ಮೊದಲ ಟ್ರ್ಯಾಕ್ ಬಿಟ್ಟುಬಿಡಿ, ಇಡೀ 'ಫುಲ್‌ಮೂನ್' ಅನ್ನು 'ಎಕ್ಲಿಪ್ಟಿಕಾ'ದಲ್ಲೇ ಕೇಳಿ. ಇಲ್ಲಿ ನಾಲ್ಕನೆಯ 'ಸ್ಯಾನ್ ಸೆಬಾಸ್ಟಿಯನ್'ನಿಂದ ಶುರು ಮಾಡಿ, ಐದನೆಯ 'ಶೈ' ಮುಗಿಸಿ, ಆಮೇಲೆ ಹಿಂದಕ್ಕೆ ಹೋಗಿ ಸ್ಕಾರ್ಪಿಯನ್ಸ್ ಹಾಡಿಗೆ ಬನ್ನಿ. ನಮಸ್ಕಾರ.