ಸೀಮೆಸುಣ್ಣದ ಗುಡ್ಡ: ಬೀಚಿ ಹೆಡ್

ಕೇಳುಗರೆಲ್ಲರಿಗೂ ನಮಸ್ಕಾರ. ಕರಿಹಲಗೆಯ ಮೇಲೆ ಬರೆಯುವ ಕಡ್ಡಿಯನ್ನು ನಾವು ಸೀಮೆಸುಣ್ಣ ಎನ್ನುತ್ತೇವೆ. ಈಗ ಅದು ಬಹುಮಟ್ಟಿಗೆ ಜಿಪ್ಸಮ್ಮಿನದು. ಅಸಲಿ ಸೀಮೆಸುಣ್ಣದ ಗುಡ್ಡವೊಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ಈಸ್ಟ್‌ಬರ್ನ್ ಪಟ್ಟಣದ ಮಗ್ಗುಲಲ್ಲಿದೆ. ಹೆಸರು ಬೀಚಿ ಹೆಡ್. ಮರಳಿನ ಬೀಚಿಗೂ ಇದಕ್ಕೂ ನಂಟಿಲ್ಲ. ‘ಚೆಲುವಾದ ಭೂಶಿರ’ ಎಂಬರ್ಥದ ಹಳೆಯ ಫ್ರೆಂಚ್ ಮಾತು ನಾಲಿಗೆಗಳ ಮೇಲೆ ಸವೆದು ಹೀಗಾಗಿದೆ.

ಕಡಲಂಚಿನಿಂದ 162 ಮೀಟರ್ ಎತ್ತರಕ್ಕೆ ಎದ್ದಿರುವ ಈ ಗುಡ್ಡದ ಮೋರೆ ಏಕೆ ಅಷ್ಟು ಬೆಳ್ಳಗಿದೆ? ಕುಸಿಯುತ್ತಿರುವುದರಿಂದ. ಇದೊಂದನ್ನು ನೆನಪಿಟ್ಟುಕೊಂಡರೆ ನನಗೆ ಸಾಕು. ಡೈನೋಸಾರ್‌ಗಳ ಕಾಲದ ಬೆಚ್ಚನೆಯ ಕಡಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಹೊತ್ತಿದ್ದ ಸುಣ್ಣದ ಬಿಲ್ಲೆಗಳು ತಳಕ್ಕಿಳಿದು, ಕೆಸರಾಗಿ, ಒತ್ತಿಕೊಂಡು ಆದ ಕಲ್ಲು ಇದು; ಉಗುರಿನಿಂದ ಗೀರಿದರೂ ಪುಡಿ ಉದುರುತ್ತದೆ. ಅಲೆ ಬುಡ ಕೊರೆಯುತ್ತದೆ, ಮಳೆನೀರು ಬಿರುಕಿಗಿಳಿಯುತ್ತದೆ, ಮೇಲಿನದು ಕಳಚಿ ಬಿದ್ದು ಒಳಗಿನ ಹೊಸ ಬಿಳುಪು ಹೊರಬರುತ್ತದೆ. ಕುಸಿತ ನಿಂತರೆ ಆ ಮೋರೆಗೂ ಹುಲ್ಲು ಹಬ್ಬೀತು.

ಬೆಲ್ ಟೌಟ್ ಎಂಬ ದೀಪಸ್ತಂಭದ ಕಥೆ ಕೇಳಿ. 1834ರಲ್ಲಿ ದೀಪ ಹೊತ್ತಿಸಿಕೊಂಡ ಈ ಕಟ್ಟಡವನ್ನು ಬಹಳ ಜಾಣತನದಿಂದ ಗುಡ್ಡದ ಮೇಲೆ ಕೂರಿಸಿದ್ದರು: ಹಡಗು ದಡಕ್ಕೆ ತೀರ ಹತ್ತಿರ ಬಂದರೆ ಗುಡ್ಡದ ಅಂಚು ಬೆಳಕನ್ನು ಮರೆಮಾಡಬೇಕು, ಬೆಳಕು ಕಾಣದಿದ್ದರೆ ನಾವಿಕನು ಅಪಾಯವನ್ನು ಅರಿಯಬೇಕು. ಅಂಚೇ ಕುಸಿಯುತ್ತ ಬಂದರೆ ಈ ಲೆಕ್ಕ ಉಳಿಯುವುದೆಲ್ಲಿ? ಸಾಲದ್ದಕ್ಕೆ ಮಂಜು ಬೇರೆ ದೀಪವನ್ನು ಮುಚ್ಚುತ್ತಿತ್ತು. 1902ರಲ್ಲಿ ಕೆಳಗೆ ಕಡಲಿನಲ್ಲೇ ಹೊಸ ಸ್ತಂಭ ಎದ್ದಿತು, ಹಳೆಯದು ವಾಸದ ಮನೆಯಾಯಿತು. ಪ್ರಪಾತ ಮಾತ್ರ ಬಿಡಲಿಲ್ಲ, ಹೊಸ್ತಿಲ ಬಳಿಗೇ ಬಂದಿತು. 1999ರ ಮಾರ್ಚ್‌ನಲ್ಲಿ ಸುಮಾರು 850 ಟನ್ ತೂಕದ ಆ ಇಡೀ ಗ್ರಾನೈಟ್ ಕಟ್ಟಡವನ್ನು ಜಾಕ್‌ಗಳಿಂದ ಎತ್ತಿ, ಗ್ರೀಸ್ ಬಳಿದ ತೊಲೆಗಳ ಮೇಲೆ ಇಂಚಿಂಚಾಗಿ ಜಾರಿಸಿ, 17 ಮೀಟರ್ ಹಿಂದಕ್ಕೆ ಕೂರಿಸಿದರು. ಮುಂದೆ ಮತ್ತೊಮ್ಮೆ ಜಾರಿಸಬೇಕಾದೀತೆಂದು ಹೊಸ ಅಡಿಪಾಯದಲ್ಲೇ ಅನುಕೂಲ ಮಾಡಿಟ್ಟಿದ್ದಾರೆ! ಇಷ್ಟಾದ ಮೇಲೂ ಅದೇ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಏನು ಹೇಳೋಣ?

1690ರಲ್ಲಿ ಇದೇ ಕಡಲಿನಲ್ಲಿ ಫ್ರೆಂಚರು ಇಂಗ್ಲಿಷ್ ಮತ್ತು ಡಚ್ ನೌಕಾಪಡೆಗಳನ್ನು ಸೋಲಿಸಿದ್ದನ್ನು ವಿವರಿಸಲು ಈಗ ಹೊತ್ತಿಲ್ಲ. ಚಿಟ್ಟೆಯ ಮಾತನ್ನಾದರೂ ಹೇಳಿಬಿಡುತ್ತೇನೆ. ಗುಡ್ಡದ ತಲೆಯ ಮೇಲೆ ಕುರಿಗಳು ಮೇಯ್ದು ಗಿಡ್ಡವಾಗಿಸಿದ ಹುಲ್ಲಿನ ನಡುವೆ ಹಳದಿ ಹೂವಿನ ಹಾರ್ಸ್‌ಶೂ ವೆಚ್ ಬೆಳೆಯುತ್ತದೆ; ಅಡೋನಿಸ್ ಬ್ಲೂ ಎಂಬ ಚಿಟ್ಟೆಯ ಮರಿಹುಳು ಆ ಗಿಡವನ್ನಲ್ಲದೆ ಬೇರೇನನ್ನೂ ತಿನ್ನದು. ಮಂಡಿಯೂರಿ ನೋಡಿದರೆ ಆ ಹಸಿರು ಹುಳುವಿನ ಸುತ್ತ ಇರುವೆಗಳು ಕಾವಲು ನಿಂತಿರುವುದು, ಅದು ಒಸರುವ ಸಿಹಿಯನ್ನು ನೆಕ್ಕುತ್ತಿರುವುದು ಕಾಣುತ್ತದೆ. ಆದರೆ ಮಂಡಿಯೂರುವುದು ಅಂಚಿನಿಂದ ದೂರದಲ್ಲಿರಲಿ. ನಮಸ್ಕಾರ.