ಅನಿಲ ಯಾವ ಆಳದಲ್ಲಿ ಒಳಗೆ ಹೋಗುತ್ತಿದೆ? ತೈಲಬಾವಿಗಳ ಗ್ಯಾಸ್ ಲಿಫ್ಟ್ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ನಮ್ಮ ಬಯಲುಸೀಮೆಯಲ್ಲಿ ನೀರು ಕಡಿಮೆಯಿರುವ ಕೊಳವೆಬಾವಿಗೆ ಕಂಪ್ರೆಸರ್ ಇಟ್ಟು ನೀರೆತ್ತುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಸಣ್ಣ ಪೈಪಿನಲ್ಲಿ ಗಾಳಿ ಕೆಳಗೆ ಹೋಗುತ್ತದೆ, ದೊಡ್ಡ ಪೈಪಿನಲ್ಲಿ ಗಾಳಿಯೂ ನೀರೂ ಬೆರೆತು ಮೇಲೆ ಬರುತ್ತವೆ. ಗಾಳಿ ನೀರನ್ನು ಕೆಳಗಿನಿಂದ ದೂಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ಬೇರೆ. ಗುಳ್ಳೆ ಬೆರೆತ ನೀರಿನ ಕಂಬ ಹಗುರಾಗುತ್ತದೆ, ಹೊರಗಿರುವ ಭಾರದ ನೀರು ಅದನ್ನು ತಾನೇ ಎತ್ತಿ ಹಾಕುತ್ತದೆ. ತೈಲಬಾವಿಯ ಗ್ಯಾಸ್ ಲಿಫ್ಟ್ ಕೂಡ ಇದೇ ತತ್ತ್ವ. ಅಲ್ಲಿ ಮಾತ್ರ ಗಾಳಿ ಬಳಸುವಂತಿಲ್ಲ. ಗಾಳಿಯ ಆಮ್ಲಜನಕ ತೈಲದ ಆವಿಯೊಂದಿಗೆ ಸೇರಿದರೆ ಸ್ಫೋಟದ ಭಯ, ಉಕ್ಕಿಗೆ ತುಕ್ಕಿನ ಕಾಟ. ಆದ್ದರಿಂದ ತೈಲದ ಜೊತೆಗೇ ಬಂದ ನೈಸರ್ಗಿಕ ಅನಿಲವನ್ನು ಬೇರ್ಪಡಿಸಿ, ಒಣಗಿಸಿ, ಒತ್ತಿ ಮತ್ತೆ ಬಾವಿಗೆ ಇಳಿಸುತ್ತಾರೆ. ಅದು ತೈಲದೊಂದಿಗೆ ಮೇಲೆ ಬರುತ್ತದೆ, ಮತ್ತೆ ಕಂಪ್ರೆಸರಿಗೆ ಹೋಗುತ್ತದೆ.

ಅರಬ್ಬೀ ಸಮುದ್ರದೊಳಗಿನ ತೈಲಕ್ಷೇತ್ರ ಮುಂಬೈ ಹೈ ಇದಕ್ಕೆ ಒಳ್ಳೆಯ ಉದಾಹರಣೆ. 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ತೈಲ ಕಂಡದ್ದು ಅಲ್ಲಿ, 1976ರಲ್ಲಿ ಉತ್ಪಾದನೆ ಶುರುವಾಯಿತು. ನಮ್ಮ ಮಂಗಳೂರಿನ ಸಂಸ್ಕರಣಾಗಾರಕ್ಕೂ ಆ ಕಚ್ಚಾತೈಲ ಬರುತ್ತದೆ. ಆರಂಭದಲ್ಲಿ ತಾವಾಗಿಯೇ ಚಿಮ್ಮುತ್ತಿದ್ದ ಬಾವಿಗಳು ಒತ್ತಡ ಇಳಿದು ನೀರಿನ ಪಾಲು ಏರಿದಂತೆ ಸುಸ್ತಾದವು. ಅಲ್ಲಿನ ಬಾವಿಗಳಿಗೆ ಗ್ಯಾಸ್ ಲಿಫ್ಟೇ ಮುಖ್ಯ ಆಸರೆಯಾಯಿತು. ಕಾರಣ ಸರಳ. ಬಾವಿಗಳು ಓರೆಯಾಗಿ ಕೊರೆದವು, ವೇದಿಕೆಯಲ್ಲಿ ಆಳಿಲ್ಲ, ಜಾಗವಿಲ್ಲ. ನೆಲದ ಮೇಲೆ ತಲೆದೂಗುವ ಕುದುರೆಯಂಥ ಯಂತ್ರಗಳನ್ನು ಅಲ್ಲಿ ಇಡುವುದು ಹೇಗೆ? ಗ್ಯಾಸ್ ಲಿಫ್ಟ್‌ಗೆ ಬಾವಿಯೊಳಗೆ ತಿರುಗುವ, ಕುಟ್ಟುವ ಯಾವ ಭಾಗವೂ ಬೇಡ. ಕೆಟ್ಟರೆ ತಂತಿ ಇಳಿಸಿ ವಾಲ್ವ್ ಬದಲಿಸಬಹುದು.

ಈಗ ಲೆಕ್ಕಕ್ಕೆ ಬರೋಣ. ಒತ್ತಡವನ್ನು ಕೆಜಿಯಲ್ಲಿ ಹೇಳುತ್ತೇನೆ, ಚದರ ಸೆಂಟಿಮೀಟರಿಗೆ ಅಷ್ಟು ಕೆಜಿ ಎಂದರ್ಥ. ನಮ್ಮ ತೈಲಕ್ಷೇತ್ರಗಳಲ್ಲಿ ಹೀಗೇ ಮಾತಾಡುವುದು, ಲೆಕ್ಕವೂ ಸಲೀಸು: 10 ಮೀಟರ್ ನೀರು ನಿಂತರೆ 1 ಕೆಜಿ.

2,000 ಮೀಟರ್ ಆಳದ ಒಂದು ಬಾವಿ ಎಂದುಕೊಳ್ಳಿ. ಬಂಡೆಯ ಪದರದಲ್ಲಿ ಒತ್ತಡ 150 ಕೆಜಿ. ತೈಲ ಮೇಲೆ ಬರುವ ಪೈಪೇ ಟ್ಯೂಬಿಂಗ್, ಅದರ ತುಂಬ ತೈಲ-ನೀರಿನ ಮಿಶ್ರಣ, ಸಾಂದ್ರತೆ 0.9. ಆ ಕಂಬದ ಭಾರವೇ 180 ಕೆಜಿ, ಬಾವಿಯ ಬಾಯಲ್ಲಿ, ತೈಲ-ಅನಿಲ ಬೇರ್ಪಡಿಸುವ ಸೆಪರೇಟರ್ ಕಡೆಯಿಂದ ಇನ್ನೊಂದು 10. ಒಟ್ಟು 190 ಕೆಜಿ ತಲೆಯ ಮೇಲಿರುವಾಗ 150 ಕೆಜಿಯ ಪದರ ಏನು ಮಾಡೀತು? ಬಾವಿ ಸತ್ತಂತೆ. ನಮಗೆ ತಳದಲ್ಲಿ 110 ಕೆಜಿ ಮಾತ್ರ ಇರಬೇಕು, ಆಗ 40 ಕೆಜಿಯ ವ್ಯತ್ಯಾಸದಲ್ಲಿ ತೈಲ ಒಳಗೆ ಹರಿದು ಬರುತ್ತದೆ. ಕೆಜಿಗೆ ದಿನಕ್ಕೆ 1.5 ಘನ ಮೀಟರ್ ಕೊಡುವ ಬಾವಿಯಾದರೆ ದಿನಕ್ಕೆ 60 ಘನ ಮೀಟರ್.

ಅನಿಲವನ್ನು 1,700 ಮೀಟರಿನಲ್ಲಿ ಒಳಗೆ ಬಿಟ್ಟೆವು ಅನ್ನಿ. ಅದರ ಕೆಳಗಿನ 300 ಮೀಟರ್ ಭಾರದ ಕಂಬವೇ, 27 ಕೆಜಿ. ಹಾಗಾದರೆ 1,700 ಮೀಟರಿನಲ್ಲಿ ಟ್ಯೂಬಿಂಗ್ ಒತ್ತಡ 83. ಬಾಯಿಯ 10 ಕಳೆದರೆ 73 ಕೆಜಿ, 1,700 ಮೀಟರಿಗೆ ಹಂಚಿದರೆ ಮೀಟರಿಗೆ 0.043. ಮೊದಲು 0.09 ಇದ್ದದ್ದು ಅರ್ಧಕ್ಕಿಂತ ಕೆಳಗಿಳಿಯಬೇಕು. ಇದಕ್ಕೆ ದಿನಕ್ಕೆ 5,000ದಿಂದ 10,000 ಘನ ಮೀಟರ್ ಅನಿಲ ಸಾಕಾಗುವ ಸಂಭವ. ಅದೇ ಅನಿಲವನ್ನು 730 ಮೀಟರಿನಲ್ಲೇ ಬಿಟ್ಟರೆ ಕೆಳಗಿನ 1,270 ಮೀಟರ್ ಕಂಬ ಹಾಗೆಯೇ ಭಾರವಾಗಿ ಉಳಿಯುತ್ತದೆ, ಅದೊಂದೇ 114 ಕೆಜಿ. ಈ ಲೆಕ್ಕ ನೆನಪಿರಲಿ. ಗ್ಯಾಸ್ ಲಿಫ್ಟ್ ಬಾವಿಯ ಮುಂದೆ ನಿಂತವರು ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಅನಿಲ ಹೋಗುತ್ತಿದೆ ಅಂತ ಅಲ್ಲ, ಯಾವ ಆಳದಲ್ಲಿ ಹೋಗುತ್ತಿದೆ ಅಂತ.

ಹಾಗಾದರೆ 1,700 ಮೀಟರಿನಲ್ಲಿ ಒಂದೇ ತೂತು ಇಟ್ಟರಾಯಿತಲ್ಲ? ಆಗುವುದಿಲ್ಲ. ಬಾವಿಯ ಕೆಲಸ ಮುಗಿದಾಗ ಟ್ಯೂಬಿಂಗೂ, ಅದಕ್ಕೂ ಬಾವಿಯ ಗೋಡೆಗಿಟ್ಟ ದೊಡ್ಡ ಪೈಪಾದ ಕೇಸಿಂಗಿಗೂ ನಡುವೆ ಅನಿಲ ಇಳಿಯುವ ಜಾಗವಾದ ಆನ್ಯುಲಸ್ಸೂ ಉಪ್ಪುನೀರಿನಿಂದ ತುಂಬಿರುತ್ತವೆ. 1.05 ಸಾಂದ್ರತೆಯ ಉಪ್ಪುನೀರು 1,700 ಮೀಟರಿನಲ್ಲಿ 178 ಕೆಜಿ ಒತ್ತುತ್ತದೆ. ನಮ್ಮ ಕಂಪ್ರೆಸರ್ ಕೊಡುವುದು 85. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಮೊದಲ ವಾಲ್ವಿನ ಆಳ ಹೀಗೆ: 85ರಿಂದ ಬಾಯಿಯ 10 ಕಳೆಯಿರಿ, ಭದ್ರತೆಗೆ 3.5 ಕಳೆಯಿರಿ, ಉಳಿದದ್ದು 71.5. ಉಪ್ಪುನೀರಿನ ಮೀಟರಿಗೆ 0.105ರಿಂದ ಅನಿಲದ ಸ್ವಂತ ತೂಕ 0.007 ತೆಗೆದು, ಬಂದ 0.098ರಿಂದ ಅದನ್ನು ಭಾಗಿಸಿ. ಸುಮಾರು 730 ಮೀಟರ್. ಅಲ್ಲಿಂದ ಅನಿಲ ಟ್ಯೂಬಿಂಗಿಗೆ ನುಗ್ಗಿ ಮೇಲಿನ ನೀರನ್ನು ಹಗುರ ಮಾಡಿದ ಮೇಲೆ ಆ ಆಳದಲ್ಲಿ ಟ್ಯೂಬಿಂಗ್ ಒತ್ತಡ 41ಕ್ಕೆ ಇಳಿಯುತ್ತದೆ. ಆಗ ಆನ್ಯುಲಸ್ಸಿನ ನೀರನ್ನು ಇನ್ನೂ 450 ಮೀಟರ್ ಕೆಳಗೆ ತಳ್ಳಬಹುದು. ಹೀಗೆ ಮುಂದಿನ ವಾಲ್ವುಗಳು 1,180, 1,450, 1,610 ಮತ್ತು ಕೊನೆಗೆ 1,700 ಮೀಟರಿನಲ್ಲಿ ಬರುತ್ತವೆ. ಕೆಳಗೆ ಹೋದಂತೆ ಅಂತರ ಕಡಿಮೆಯಾಗುವುದನ್ನು ಗಮನಿಸಿ, ಒತ್ತಡದ ವ್ಯತ್ಯಾಸ ಕರಗುತ್ತಾ ಬರುವುದೇ ಕಾರಣ. ಮೇಲಿನ ನಾಲ್ಕು ವಾಲ್ವುಗಳು ಆರಂಭದ ಕೆಲಸಕ್ಕೆ ಮಾತ್ರ. ಕೆಳಗಿನದು ತೆರೆಯುತ್ತಿದ್ದಂತೆ ಅವು ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡೇ ಇರಬೇಕು. ಕೊನೆಯದು ಸದಾ ತೆರೆದ ತೂತು, ಅದಕ್ಕೆ ಆರಿಫೈಸ್ ಎನ್ನುತ್ತಾರೆ.

ಮುಚ್ಚುವ ಬುದ್ಧಿ ವಾಲ್ವಿಗೆ ಎಲ್ಲಿಂದ ಬಂತು? 1940ರ ದಶಕದಲ್ಲಿ ಡಬ್ಲ್ಯು. ಆರ್. ಕಿಂಗ್ ಪೇಟೆಂಟ್ ಪಡೆದ ಬೆಲೋಸ್ ವಾಲ್ವಿನ ಮೂಲ ವಿನ್ಯಾಸವೇ ಇಂದಿಗೂ ನಡೆಯುತ್ತಿದೆ. ಮೋನೆಲ್ ಲೋಹದ ಸುಕ್ಕುಸುಕ್ಕಾದ ತೆಳು ನಳಿಕೆಯೇ ಬೆಲೋಸ್. ಅದರ ಮೇಲಿನ ಗುಮ್ಮಟದಲ್ಲಿ ಒತ್ತಡದ ನೈಟ್ರೋಜನ್, ಕೆಳಗೆ ಕಾಂಡದ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಗುಂಡು, ಆ ಗುಂಡು ಕೂರುವ ಸೀಟು (ಅದರ ತೂತೇ ಪೋರ್ಟ್), ಅದರ ಕೆಳಗೆ ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್. ನೈಟ್ರೋಜನ್ ಗುಂಡನ್ನು ಸೀಟಿಗೆ ಒತ್ತುತ್ತದೆ. ಕೇಸಿಂಗ್ ಒತ್ತಡ ಬೆಲೋಸಿನ ಬಹುಪಾಲು ಕ್ಷೇತ್ರದ ಮೇಲೆ, ಟ್ಯೂಬಿಂಗ್ ಒತ್ತಡ ಪೋರ್ಟಿನಷ್ಟು ಕ್ಷೇತ್ರದ ಮೇಲೆ ಎದುರು ಒತ್ತುತ್ತವೆ. 1 ಇಂಚಿನ ವಾಲ್ವಿನಲ್ಲಿ ಬೆಲೋಸ್ ಕ್ಷೇತ್ರ 0.31 ಚದರ ಇಂಚು. 3/16 ಇಂಚಿನ ಪೋರ್ಟ್ ಅದರ ಶೇಕಡ 9ರಷ್ಟು, 1/4 ಇಂಚಿನದು 16ರಷ್ಟು. ಪೋರ್ಟ್ ದೊಡ್ಡದಾದಷ್ಟೂ ಟ್ಯೂಬಿಂಗ್ ಒತ್ತಡದ ಕೈ ಜೋರು.

1,180 ಮೀಟರಿನ ವಾಲ್ವ್ ತೆಗೆದುಕೊಳ್ಳಿ. ಅಲ್ಲಿ ಕೇಸಿಂಗ್ 91, ಟ್ಯೂಬಿಂಗ್ 61, ಉಷ್ಣತೆ 70 ಡಿಗ್ರಿ. 91ರ ಶೇಕಡ 91 ಮತ್ತು 61ರ ಶೇಕಡ 9 ಕೂಡಿಸಿದರೆ ಗುಮ್ಮಟದಲ್ಲಿ ಬೇಕಾದದ್ದು 88 ಕೆಜಿ. ಆದರೆ ನೈಟ್ರೋಜನ್ ತುಂಬುವುದು ಕಾರ್ಯಾಗಾರದಲ್ಲಿ, 15.6 ಡಿಗ್ರಿ ನೀರಿನ ತೊಟ್ಟಿಯಲ್ಲಿ. ಆ ಉಷ್ಣತೆಗೆ ಇಳಿಸಿದರೆ 73. ಪರೀಕ್ಷೆಯ ಬೆಂಚಿನಲ್ಲಿ ಟ್ಯೂಬಿಂಗ್ ಕಡೆ ಒತ್ತಡವಿಲ್ಲದ್ದರಿಂದ 0.91ರಿಂದ ಭಾಗಿಸಬೇಕು, ಸುಮಾರು 80 ಕೆಜಿಗೆ ತೆರೆಯಬೇಕು. ಉಷ್ಣತೆಯನ್ನು 20 ಡಿಗ್ರಿ ತಪ್ಪಾಗಿ ಊಹಿಸಿದರೆ ವಾಲ್ವ್ 4–5 ಕೆಜಿ ಆಚೀಚೆ ಆಗುತ್ತದೆ. ಮೇಲಿನ ವಾಲ್ವ್ ಮುಚ್ಚಲೆಂದು ಒಂದೊಂದು ಮೆಟ್ಟಿಲಿಗೆ ನಾವು ಇಟ್ಟುಕೊಂಡ ಕೇಸಿಂಗ್ ಒತ್ತಡದ ಇಳಿತ ಬರೀ 1 ಕೆಜಿ ಅನ್ನುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತುಂಬಿದ ವಾಲ್ವನ್ನು ಕೂಡಲೇ ಬಾವಿಗೆ ಕಳಿಸುವಂತಿಲ್ಲ. ಅಧಿಕ ಒತ್ತಡದ ನೀರಿನಲ್ಲಿ ಬೆಲೋಸನ್ನು ಪಳಗಿಸಿ, ಕೆಲವು ದಿನ ಇಟ್ಟು ಮತ್ತೆ ಅಳೆಯಬೇಕು. ಅಂಕಿ ಜಾರಿದ್ದರೆ ಪಕ್ಕಕ್ಕಿಡಿ.

ಜೋಡಣೆ. ವಾಲ್ವ್ ಕೂರುವ ಮನೆ ಸೈಡ್ ಪಾಕೆಟ್ ಮ್ಯಾಂಡ್ರೆಲ್. ಹೊಟ್ಟೆ ಉಬ್ಬಿದ ಪೈಪು, ಉಬ್ಬಿನೊಳಗೆ ಜೇಬು, ಟ್ಯೂಬಿಂಗಿನ ನೇರ ದಾರಿ ಪೂರ್ತಿ ತೆರೆದೇ ಇರುತ್ತದೆ. 1950ರ ದಶಕದಲ್ಲಿ ಇದು ಬರುವವರೆಗೆ ವಾಲ್ವ್ ಬದಲಿಸಲು ಇಡೀ ಟ್ಯೂಬಿಂಗ್ ಕೀಳಬೇಕಿತ್ತು. 2⅞ ಇಂಚಿನ ಟ್ಯೂಬಿಂಗಿನ ಮ್ಯಾಂಡ್ರೆಲ್ 7 ಇಂಚಿನ ಕೇಸಿಂಗಿನಲ್ಲಿ ಸಲೀಸು, 5½ ಇಂಚಿನಲ್ಲಿ ಬಿಗಿ.

ಬಾವಿ ದುರಸ್ತಿಯ ವರ್ಕ್‌ಓವರ್ ರಿಗ್ ಬಂದ ಮೇಲೆ ಸೋಸಿದ ಉಪ್ಪುನೀರು ತುಂಬಿ ಬಾವಿಯ ಹರಿವು ನಿಲ್ಲಿಸುತ್ತಾರೆ. ಕೆಸರುನೀರು ಬೇಡವೇ ಬೇಡ, ಅದರ ಕಣಗಳೆಲ್ಲ ನಾಳೆ ವಾಲ್ವಿನ ಸೀಟಿನ ಮೂಲಕವೇ ಹೋಗಬೇಕು. ಸ್ಕ್ರೇಪರ್ ಇಳಿಸಿ ಕೇಸಿಂಗ್ ಗೋಡೆ ಕೆರೆಯುವುದು ಮುಂದಿನದು, ಮುಖ್ಯವಾಗಿ ಆನ್ಯುಲಸ್ಸಿನ ತಳ ಮುಚ್ಚುವ ಪ್ಯಾಕರ್ ಕೂರುವ ಜಾಗದಲ್ಲಿ. ಆಮೇಲೆ ಪ್ಯಾಕರ್, ಟ್ಯೂಬಿಂಗ್, ಲೆಕ್ಕದ ಆಳಗಳಲ್ಲಿ ಮ್ಯಾಂಡ್ರೆಲ್‌ಗಳು. ಪ್ರತಿ ಮ್ಯಾಂಡ್ರೆಲ್ ಯಾವ ಕಡೆ ಮೇಲೆ ಅಂತ ನೋಡಿ ಹಾಕಬೇಕು. ತಲೆಕೆಳಗಾಗಿ ಹೋದರೆ ತಂತಿಯ ಉಪಕರಣಕ್ಕೆ ಜೇಬು ಸಿಗುವುದೇ ಇಲ್ಲ. ಪ್ಯಾಕರನ್ನು ಟ್ಯೂಬಿಂಗಿನೊಳಗೆ ಒತ್ತಡ ಕೊಟ್ಟು ಕೂರಿಸುವುದಾದರೆ ಜೇಬುಗಳಲ್ಲಿ ತೂತಿಲ್ಲದ ಡಮ್ಮಿ ವಾಲ್ವ್‌ಗಳೇ ಇರಬೇಕು. ಟ್ಯೂಬಿಂಗ್, ಆನ್ಯುಲಸ್ ಎರಡನ್ನೂ ಒತ್ತಡಕ್ಕಿಟ್ಟು ನೋಡಿ, ಬಾವಿಯ ಬಾಯಿಗೆ ಕ್ರಿಸ್‌ಮಸ್ ಟ್ರೀ ಎಂಬ ವಾಲ್ವುಗಳ ಗೊಂಚಲು ಕೂರಿಸಿದ ಮೇಲೆ ತಂತಿ ಇಳಿಸಿ ಕೆಲಸ ಮಾಡುವ ಸ್ಲಿಕ್‌ಲೈನಿನವರ ಸರದಿ.

ಅವರು ವಾಲ್ವನ್ನು ಜೇಬಿಗೆ ಕೂರಿಸುವ ಕಿಕ್‌ಓವರ್ ಟೂಲ್ ಇಳಿಸುತ್ತಾರೆ. ಮ್ಯಾಂಡ್ರೆಲ್ ದಾಟಿಸಿ, ಮೇಲಕ್ಕೆಳೆದಾಗ ಅದರ ಕೀಲಿ ಮ್ಯಾಂಡ್ರೆಲಿನೊಳಗೆ ದಿಕ್ಕು ಹೊಂದಿಸುವ ನಳಿಕೆಗೆ ಸಿಕ್ಕಿ ಟೂಲ್ ಜೇಬಿನ ಕಡೆ ತಿರುಗುತ್ತದೆ, ಇನ್ನೂ ಎಳೆದರೆ ಕೈ ಮಡಚಿ ಜೇಬಿನ ನೇರಕ್ಕೆ ಬರುತ್ತದೆ. ಜಾರ್ ಎಂಬ ಸುತ್ತಿಗೆಯಂಥ ಉಪಕರಣದ ಹೊಡೆತದಿಂದ ವಾಲ್ವ್ ಕೂರುತ್ತದೆ, ಲ್ಯಾಚ್ ಹಿಡಿಯುತ್ತದೆ, ಮೇಲಕ್ಕೆ ಹೊಡೆದರೆ ಪಿನ್ ಮುರಿದು ಟೂಲ್ ಬಿಡುಗಡೆ. ಬಾವಿ 60 ಡಿಗ್ರಿಗಿಂತ ಹೆಚ್ಚು ಓರೆಯಾದ ಜಾಗದಲ್ಲಿ ಈ ಆಟ ಕಷ್ಟ, ಮ್ಯಾಂಡ್ರೆಲನ್ನು ಅದರ ಮೇಲೆಯೇ ಇಡುವುದು ಜಾಣತನ. ಡಮ್ಮಿ ಕೀಳುವ ಮೊದಲು ಆನ್ಯುಲಸ್ ಮತ್ತು ಟ್ಯೂಬಿಂಗ್ ಒತ್ತಡ ಸಮ ಮಾಡಲೇಬೇಕು. ಇಲ್ಲದಿದ್ದರೆ ನುಗ್ಗಿದ ಹರಿವು ಟೂಲನ್ನೇ ಮೇಲಕ್ಕೆ ಚಿಮ್ಮಿಸಿ ತಂತಿಯನ್ನು ಗಂಟು ಹಾಕುತ್ತದೆ. ಕೆಳಗೊಂದು ಕ್ಯಾಚರ್ ಇರಲಿ, ಜಾರಿದ ವಾಲ್ವ್ ಬಾವಿಯ ತಳಕ್ಕೆ ಹೋಗದಂತೆ.

ವಾಲ್ವುಗಳು ಹೆಚ್ಚಾಗಿ ಕೆಡುವುದು ಮೊದಲ ದಿನವೇ, ಅನ್‌ಲೋಡಿಂಗ್ ವೇಳೆಯಲ್ಲಿ. ಆನ್ಯುಲಸ್ಸಿನ ನೀರೆಲ್ಲ ಈ ಸಣ್ಣ ಪೋರ್ಟುಗಳ ಮೂಲಕವೇ ಹೊರಬೀಳಬೇಕು. ಅವಸರದಲ್ಲಿ ಅನಿಲ ಪೂರ್ತಿ ಬಿಟ್ಟರೆ ನೀರು ಸೀಟನ್ನು ಕೊರೆದುಹಾಕುತ್ತದೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಸಲಹೆ ಹೀಗಿದೆ: ಕೇಸಿಂಗ್ ಒತ್ತಡ ಸುಮಾರು 28 ಕೆಜಿ ಮುಟ್ಟುವವರೆಗೆ 8–10 ನಿಮಿಷಕ್ಕೆ 3.5 ಕೆಜಿಯಂತೆ ಏರಿಸಿ, ಆಮೇಲೆ ಮೊದಲ ವಾಲ್ವಿನಲ್ಲಿ ಅನಿಲ ಹಾಯುವವರೆಗೆ ಅಷ್ಟೇ ಹೊತ್ತಿಗೆ 7 ಕೆಜಿಯಂತೆ. ನಂತರವೂ 12–18 ಗಂಟೆ ವಿನ್ಯಾಸದ ಅರ್ಧದಿಂದ ಮೂರನೇ ಎರಡರಷ್ಟು ಅನಿಲ ಮಾತ್ರ. ಉತ್ಪಾದನೆಯ ಒತ್ತಾಯ ಇರುವ ಕಡೆ ಈ ತಾಳ್ಮೆ ಸಿಗುವುದು ಅಪರೂಪ. ಆದರೆ ಅಲ್ಲಿ ಉಳಿಸಿದ ಆರು ಗಂಟೆಗೆ ಆಮೇಲೆ ವಾರಗಟ್ಟಲೆ ದಂಡ ಕಟ್ಟಬೇಕಾಗುತ್ತದೆ.

ಏಕೆಂದರೆ ಕೊರೆದುಹೋದ ಸೀಟು ಮುಚ್ಚುವುದಿಲ್ಲ. ಅನಿಲ 730 ಮೀಟರಿನಲ್ಲೂ ಒಳಗೆ ಹೋಗುತ್ತದೆ, 1,700ರಲ್ಲೂ ಸ್ವಲ್ಪ ಹೋಗಬಹುದು. ಬಾವಿ ಸಾಯುವುದಿಲ್ಲ, ಕುಂಟುತ್ತದೆ. ಅದೇ ಅಪಾಯ. ಮೇಲೆ ತೈಲ ಬರುತ್ತಿದೆಯಲ್ಲ ಅಂತ ಎಲ್ಲರೂ ಸುಮ್ಮನಿರುತ್ತಾರೆ. ಅನಿಲದ ಪ್ರಮಾಣ ಏರಿದೆ, ಕೇಸಿಂಗ್ ಒತ್ತಡ ವಿನ್ಯಾಸಕ್ಕಿಂತ ಕೆಳಗಿದೆ, ತೈಲ ಕಡಿಮೆಯಾಗಿದೆ ಎಂದರೆ ಮೇಲಿನ ವಾಲ್ವ್ ತೆರೆದಿದೆ ಅಥವಾ ಟ್ಯೂಬಿಂಗ್ ತೂತಾಗಿದೆ ಅಂತ ಸಂಶಯಪಡಿ. ಒತ್ತಡ ಮತ್ತು ಉಷ್ಣತೆಯ ಗೇಜನ್ನು ಹರಿಯುವ ಬಾವಿಯಲ್ಲಿ ಇಳಿಸಿ ಪ್ರತಿ ಮ್ಯಾಂಡ್ರೆಲಿನ ಮೇಲೆ-ಕೆಳಗೆ ನಿಲ್ಲಿಸಿದರೆ ಒತ್ತಡದ ಗೆರೆ ಎಲ್ಲಿ ಮುರಿಯುತ್ತದೆ, ಉಷ್ಣತೆ ಎಲ್ಲಿ ತಣ್ಣಗೆ ತಗ್ಗುತ್ತದೆ ಎಂದು ಸ್ಪಷ್ಟವಾಗುತ್ತದೆ. ತಂತಿ ಇಳಿಸಲಾಗದಿದ್ದರೆ ಅನಿಲದ ಜೊತೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಅದು ಬಾಯಿಗೆ ಬರುವ ಹೊತ್ತು ಅಳೆಯುತ್ತಾರೆ. ಎರಡು ಕಡೆ ಅನಿಲ ನುಗ್ಗುತ್ತಿದ್ದರೆ ಎರಡು ಬಾರಿ ಏರಿಳಿತ ಕಾಣುತ್ತದೆ.

ಇನ್ನೊಂದು ಸುಲಭ ಪರೀಕ್ಷೆ: ಬಾವಿ ಮುಚ್ಚಿ ಎರಡೂ ಕಡೆ ಒತ್ತಡ ಸಮ ಮಾಡಿ, ಕೇಸಿಂಗನ್ನು ನಿಧಾನ ಖಾಲಿ ಮಾಡಿ. ಚೆಕ್ ವಾಲ್ವುಗಳು ಸರಿಯಿದ್ದರೆ ಟ್ಯೂಬಿಂಗ್ ಒತ್ತಡ ಅಲ್ಲಾಡಬಾರದು. ಅದೂ ಜೊತೆಗೇ ಇಳಿದರೆ ಟ್ಯೂಬಿಂಗ್ ತೂತು, ಇಲ್ಲವೇ ಚೆಕ್ ವಾಲ್ವ್ ಸೋರಿಕೆ.

ಕೇಸಿಂಗ್ ಒತ್ತಡವೂ ಅನಿಲದ ಪ್ರಮಾಣವೂ ಇಳಿಯುತ್ತಿವೆ, ಆದರೆ ಬಾವಿಗಳಿಗೆ ಅನಿಲ ಹಂಚುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಸರಿಯಿದೆ ಎಂದರೆ ತಪ್ಪು ಬಾವಿಯೊಳಗಿಲ್ಲ, ಅನಿಲದ ಹರಿವು ನಿಯಂತ್ರಿಸುವ ಚೋಕ್ ಕಟ್ಟಿದೆ. ತೇವವಿರುವ ಅನಿಲ 80 ಕೆಜಿಯಲ್ಲಿ 17–18 ಡಿಗ್ರಿಗೇ ಹೈಡ್ರೇಟ್ ಎಂಬ ಮಂಜುಗಡ್ಡೆಯಂಥ ವಸ್ತುವಾಗಿ ಗಟ್ಟಿಯಾಗಬಲ್ಲದು, ಚೋಕಿನಲ್ಲಿ 20 ಕೆಜಿ ಇಳಿದರೆ 8–10 ಡಿಗ್ರಿ ತಣ್ಣಗಾಗುತ್ತದೆ. ಮೆಥನಾಲ್ ಹಾಕಿ ಬಿಡಿಸಬಹುದು. ಕಾಯಂ ಪರಿಹಾರ ಬೇಕಾದರೆ ಗ್ಲೈಕಾಲ್ ಘಟಕ ಅನಿಲವನ್ನು ಸರಿಯಾಗಿ ಒಣಗಿಸಬೇಕು. ಅಸ್ಸಾಮಿನ ನಹರ್‌ಕಟಿಯಾದಂಥ ಮೇಣದ ತೈಲದ ಕ್ಷೇತ್ರಗಳಲ್ಲಿ ಇನ್ನೊಂದು ತೊಡಕು. ಹಿಗ್ಗುವ ಅನಿಲ ಟ್ಯೂಬಿಂಗನ್ನು ತಣಿಸಿ ಗೋಡೆಗೆ ಮೇಣ ಕಟ್ಟಿಸುತ್ತದೆ, ಆಗಾಗ ಕೆರೆಯುವುದು ತಪ್ಪುವುದಿಲ್ಲ.

ಕೇಸಿಂಗ್, ಟ್ಯೂಬಿಂಗ್ ಎರಡೂ ಒತ್ತಡಗಳು ತಾಳ ಹಿಡಿದು ಏರಿಳಿಯುತ್ತಿದ್ದರೆ ಆರಿಫೈಸ್ ದೊಡ್ಡದಾಗಿದೆ. ಟ್ಯೂಬಿಂಗ್ ಒತ್ತಡ ಚೂರು ಇಳಿದರೂ ಆನ್ಯುಲಸ್ಸಿನ ಅನಿಲವೆಲ್ಲ ಒಮ್ಮೆಗೇ ನುಗ್ಗಿ, ಆಮೇಲೆ ಮತ್ತೆ ತುಂಬುವವರೆಗೆ ಬಾವಿ ಕಾಯುತ್ತದೆ. ಚಿಕ್ಕ ಆರಿಫೈಸ್ ಹಾಕಿ, ಅಥವಾ ಕಿರಿದಾಗಿ ಮತ್ತೆ ನಿಧಾನ ಅಗಲವಾಗುವ ವೆಂಚುರಿ ಆಕಾರದ್ದು. ಸಾಮಾನ್ಯ ಆರಿಫೈಸಿನಲ್ಲಿ ಹರಿವು ಟ್ಯೂಬಿಂಗ್ ಒತ್ತಡವನ್ನು ಲೆಕ್ಕಿಸದಂತಾಗಲು ಶೇಕಡ 40–50ರಷ್ಟು ಒತ್ತಡ ಇಳಿಯಬೇಕು, ವೆಂಚುರಿಗೆ ಶೇಕಡ 10 ಸಾಕು. ನಮ್ಮ ಉದಾಹರಣೆಯ ಬಾವಿಯಲ್ಲಿ 92 ಮತ್ತು 83ರ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ ಇದೆ.

ತೈಲ ಕಡಿಮೆಯಾದ ಕೂಡಲೇ ಇನ್ನಷ್ಟು ಅನಿಲ ಬಿಡುವುದು ಎಲ್ಲ ಕಡೆಯೂ ಕಾಣುವ ಚಟ. ಒಂದು ಮಿತಿಯವರೆಗೆ ಕಂಬ ಹಗುರಾಗುತ್ತದೆ, ಆಮೇಲೆ ಅನಿಲದ ವೇಗವೇ ಘರ್ಷಣೆಯಾಗಿ ತಳದ ಒತ್ತಡ ಮತ್ತೆ ಏರುತ್ತದೆ, ತೈಲ ಇಳಿಯುತ್ತದೆ. ಅದಕ್ಕಿಂತ ಮೊದಲೇ ಲಾಭ ನಿಂತಿರುತ್ತದೆ. ಒಂದೇ ಕಂಪ್ರೆಸರಿನಿಂದ ಮೂವತ್ತು ಬಾವಿ ನಡೆಯುವಾಗ, ಕೊನೆಯ ಸಾವಿರ ಘನ ಮೀಟರ್ ಅನಿಲಕ್ಕೆ ಪ್ರತಿ ಬಾವಿಯೂ ಸಮನಾದ ಹೆಚ್ಚುವರಿ ತೈಲ ಕೊಡುವಂತೆ ಹಂಚಬೇಕು. ಇದಕ್ಕೆ ಬಾವಿವಾರು ಪರೀಕ್ಷೆಯ ಅಂಕಿಗಳು ಹೊಸದಾಗಿರಬೇಕು. ವರ್ಷದ ಹಿಂದಿನ ಅಂಕಿಯಲ್ಲಿ ಹಂಚಿದರೆ ನೀರು ಕೊಡುವ ಬಾವಿಗೇ ಅನಿಲ ಹೋಗುತ್ತದೆ.

ಪದರದ ಒತ್ತಡ ಇನ್ನೂ ಕುಸಿದು ನಿರಂತರ ಹರಿವು ಕೈಕೊಟ್ಟಾಗ, ದೊಡ್ಡ ಪೋರ್ಟಿನ ಪೈಲಟ್ ವಾಲ್ವ್ ಮತ್ತು ಮೇಲೆ ಟೈಮರ್ ಹಾಕಿ ಬಿಟ್ಟು ಬಿಟ್ಟು ಅನಿಲ ಕೊಡಬಹುದು. ತಳದಲ್ಲಿ ತೈಲ ಸೇರುವವರೆಗೆ ಕಾದು ಒಂದೇ ಉಸಿರಿಗೆ ಎತ್ತುವುದು ಈ ಕ್ರಮ. ಅಲ್ಲಿ ಟ್ಯೂಬಿಂಗಿನ ತುದಿಗೆ ಸ್ಟ್ಯಾಂಡಿಂಗ್ ವಾಲ್ವ್ ಬೇಕು, ಇಲ್ಲವಾದರೆ ಪ್ರತಿ ಸಲ ಅನಿಲ ತೈಲವನ್ನು ಪದರಕ್ಕೇ ವಾಪಸು ತಳ್ಳುತ್ತದೆ. ಮರಳು ಬರುವ ಬಾವಿಯಲ್ಲಿ ಆ ವಾಲ್ವೇ ಮೊದಲು ಕಚ್ಚಿಕೊಳ್ಳುತ್ತದೆ, ಆದ್ದರಿಂದ ಅದನ್ನೂ ತಂತಿಯಲ್ಲಿ ಕೀಳಬಹುದಾದದ್ದನ್ನೇ ಆರಿಸಿ.