ಪಿನಾಕಿನಿಯ ಊರಿನಿಂದ ಗೋಮುಖಕ್ಕೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು. ನದಿಗಳ ಪಾಠ ಪ್ರತಿ ವರ್ಷವೂ ಬರುತ್ತಿತ್ತು. ಗಂಗಾ ನದಿಯ ಉಗಮ ಎಲ್ಲಿ? ಒಂದು ಅಂಕದ ಪ್ರಶ್ನೆ. ‘ಗಂಗೋತ್ರಿ’ ಎಂದು ಬರೆದ ಮಗುವಿಗೆ ಒಂದು ಅಂಕ, ಬಿಟ್ಟ ಮಗುವಿಗೆ ಸೊನ್ನೆ. ಎಷ್ಟು ಸಾವಿರ ಉತ್ತರಪತ್ರಿಕೆಗಳಲ್ಲಿ ಆ ಪದದ ಪಕ್ಕ ಕೆಂಪು ಶಾಯಿಯ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಆ ಪದದೊಳಗೆ ಏನಿದೆ ಎಂದು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ, 2023ರ ಅಕ್ಟೋಬರಿನಲ್ಲಿ.

ಉಗಮ ಎನ್ನುವ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿ ಇವೆಲ್ಲ ನಂದಿಬೆಟ್ಟ ಮತ್ತು ಅದರ ಆಸುಪಾಸಿನ ಸೀಮೆಯಲ್ಲೇ ಹುಟ್ಟುತ್ತವೆ. ನಮ್ಮ ತಾಯಿಯ ತವರು ಗೌರಿಬಿದನೂರಿನ ಹತ್ತಿರ, ಪಿನಾಕಿನಿಯ ದಡದಲ್ಲೇ. ಬೇಸಿಗೆ ರಜೆಗೆ ಹೋದಾಗ ನದಿಯಲ್ಲಿ ಹರಿಯುವ ನೀರು ಇರುತ್ತಿರಲಿಲ್ಲ, ಆದರೆ ಮರಳಿತ್ತು. ಮೊಣಕೈ ಇಳಿಯುವಷ್ಟು ತೋಡಿದರೆ ಚಿಲುಮೆ. ಮೊದಲು ಕದಡಿದ ನೀರು, ಎರಡು ಸಲ ಎತ್ತಿ ಚೆಲ್ಲಿದರೆ ತಿಳಿನೀರು. ನಮ್ಮಜ್ಜಿ ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಬಿಂದಿಗೆ ತುಂಬುತ್ತಿದ್ದಳು. ಆಮೇಲೆ ಆ ಮರಳು ಲಾರಿಗಳಲ್ಲಿ ಹೋಯಿತು. ಚಿಲುಮೆಗಳೂ ಅದರ ಜೊತೆಗೇ ಹೋದವು. ಈಗ ನಮ್ಮ ರೈತರು ಸಾವಿರ ಅಡಿ ದಾಟಿ ಬೋರ್ ಕೊರೆಸುತ್ತಾರೆ. ನಮ್ಮ ಕಂದವಾರ ಕೆರೆಗೆ ಬರುವುದು ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಡೆಯಿಂದ ಸಂಸ್ಕರಿಸಿ ಕಳಿಸುವ ನೀರು. ಇಂಥ ನೆಲದಲ್ಲಿ ಬೆಳೆದವನಿಗೆ ಬತ್ತದ ನದಿಯೊಂದು ಹುಟ್ಟುವ ಜಾಗ ನೋಡಬೇಕು ಎನ್ನುವ ಆಸೆ ಎಷ್ಟಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಾನು, ನಮ್ಮ ಮನೆಯವರು ಇಬ್ಬರೇ ಹೊರಟೆವು. ದೆಹಲಿ, ಹರಿದ್ವಾರ, ಉತ್ತರಕಾಶಿಯ ದಾರಿ ಎಲ್ಲರಿಗೂ ಗೊತ್ತಿರುವಂಥದ್ದು. ಉತ್ತರಕಾಶಿಯಿಂದ ಗಂಗೋತ್ರಿಗೆ ಸುಮಾರು ನೂರು ಕಿಲೋಮೀಟರ್. ಹರ್ಸಿಲ್ ಎಂಬ ಊರಿನ ಹತ್ತಿರ ಕಣಿವೆ ಅಗಲವಾಗುತ್ತದೆ. ದೇವದಾರು ಮರಗಳು, ಸೇಬಿನ ತೋಟಗಳು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷಿನವನು ಇಲ್ಲಿ ನೆಲೆಸಿ ದೇವದಾರು ಕಡಿಸಿ, ದಿಮ್ಮಿಗಳನ್ನು ಭಾಗೀರಥಿಯಲ್ಲಿ (ಇಲ್ಲಿ ಗಂಗೆಗೆ ಇರುವ ಹೆಸರು) ತೇಲಿಬಿಟ್ಟು ರೈಲು ಹಳಿಯ ಸ್ಲೀಪರ್‌ಗಳಿಗೆ ಮಾರುತ್ತಿದ್ದ. ಸೇಬನ್ನು ಈ ಕಣಿವೆಗೆ ತಂದವನೂ ಅವನೇ. ಒಂದೇ ಕೈ ಕಾಡು ಕಡಿಸಿತು, ತೋಟವನ್ನೂ ನೆಡಿಸಿತು.

ಹರ್ಸಿಲ್ ದಾಟಿದರೆ ಧರಾಲಿ. ಬಸ್ಸು ಅಲ್ಲಿ ಚಹಾಕ್ಕೆ ನಿಂತಿತು. ಅಂಗಡಿಯ ಹೆಂಗಸು ಕಪ್ಪು ಬಣ್ಣದ ರೊಟ್ಟಿ ತಟ್ಟುತ್ತಿದ್ದರು. ನಮ್ಮ ಮನೆಯವರು ಬಗ್ಗಿ ಹಿಟ್ಟು ಮುಟ್ಟಿ ನೋಡಿ, “ರೀ, ಇದು ರಾಗಿ ಕಣ್ರೀ!” ಎಂದರು. ರಾಗಿಯೇ. ಅವರು ಮಂಡುವಾ ಅನ್ನುತ್ತಾರೆ. ಮೂರು ದಿನದಿಂದ ಮೈದಾ, ಗೋಧಿ ತಿಂದು ಬೇಸತ್ತಿದ್ದ ನಮಗೆ ತವರಿಗೆ ಬಂದ ಹಾಗಾಯಿತು. ಇವರು ಕೈಸನ್ನೆಯಲ್ಲೇ ಮುದ್ದೆ ಕಟ್ಟುವುದನ್ನು ತೋರಿಸಿದರು. ಆಕೆ ನಕ್ಕು ಇನ್ನೊಂದು ರೊಟ್ಟಿ ಹಾಕಿದರು, ದುಡ್ಡು ಬೇಡವೆಂದರು.

ಗಂಗೋತ್ರಿ ಊರು ಸುಮಾರು 3,100 ಮೀಟರ್ ಎತ್ತರದಲ್ಲಿದೆ, ನಮ್ಮ ನಂದಿಬೆಟ್ಟದ ಎರಡರಷ್ಟು. ಬಸ್ಸಿನಿಂದ ಇಳಿದ ತಕ್ಷಣ ಬೆಟ್ಟ ಹತ್ತಬಾರದು, ಒಂದು ದಿನ ಸುಮ್ಮನೆ ಇರಿ ಎಂದು ದಾರಿ ತೋರಿಸಲು ಗೊತ್ತುಮಾಡಿಕೊಂಡಿದ್ದ ಹುಡುಗ ಹೇಳಿದ. ಇದ್ದೆವು. ಗಂಗಮ್ಮನ ಗುಡಿಗೆ ಹೋಗಿಬಂದೆವು. ಆ ಗುಡಿ ಅಕ್ಷಯ ತೃತೀಯದಂದು ತೆರೆದು, ದೀಪಾವಳಿಯ ಮಾರನೆ ದಿನ ಮುಚ್ಚುತ್ತದೆ. ಚಳಿಗಾಲಕ್ಕೆ ಉತ್ಸವಮೂರ್ತಿ ಕೆಳಗಿನ ಮುಖ್ಬಾ ಹಳ್ಳಿಗೆ ಇಳಿಯುತ್ತದೆ. ದೇವರೇ ಊರು ಬಿಟ್ಟು ಇಳಿಯಬೇಕಾದಂಥ ಚಳಿ ಅದು.

ಬಹಳ ಜನ ಯಾತ್ರಿಕರು ಇಲ್ಲಿಂದಲೇ ಹಿಂದಿರುಗುತ್ತಾರೆ. ಆದರೆ ನದಿ ಹುಟ್ಟುವುದು ಇಲ್ಲಲ್ಲ, ಇನ್ನೂ 18 ಕಿಲೋಮೀಟರ್ ಮೇಲೆ, ಗೋಮುಖದಲ್ಲಿ. ಆ ದಾರಿಯೆಲ್ಲ ಗಂಗೋತ್ರಿ ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ. 1989ರಲ್ಲಿ ಘೋಷಣೆಯಾದ ಈ ಉದ್ಯಾನದ ವಿಸ್ತಾರ 2,390 ಚದರ ಕಿಲೋಮೀಟರ್. ದಿನಕ್ಕೆ 150 ಜನರಿಗೆ ಮಾತ್ರ ಗೋಮುಖದ ಪರವಾನಗಿ. ಊರು ದಾಟಿದ ಮೇಲೆ ಅರಣ್ಯ ಇಲಾಖೆಯ ಚೌಕಿ ಸಿಗುತ್ತದೆ. ಅಲ್ಲಿ ನಮ್ಮ ಚೀಲ ಬಿಚ್ಚಿಸಿ, ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ ಎಲ್ಲ ಎಣಿಸಿ ಬರೆದುಕೊಂಡರು. ಒಂದಿಷ್ಟು ಹಣ ಠೇವಣಿ ಇಡಿಸಿಕೊಂಡರು. ಬರುವಾಗ ಅಷ್ಟೂ ಪ್ಲಾಸ್ಟಿಕ್ ವಾಪಸ್ ತೋರಿಸಿದರೆ ಠೇವಣಿ ವಾಪಸ್. ಭಾನುವಾರ ಸಂಜೆ ನಂದಿಬೆಟ್ಟದ ರಸ್ತೆಯ ಬದಿ ನೋಡಿದವನಾಗಿ ಕೈಮುಗಿದು ಕೇಳುತ್ತೇನೆ, ನಮ್ಮಲ್ಲೂ ಇದನ್ನು ಮಾಡಬಹುದು.

ನಡಿಗೆಯ ದಾರಿಯನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮನಸ್ಸು ನಿಂತಿರುವುದು ಅಲ್ಲೇ.

ಬಲಕ್ಕೆ ಕೆಳಗೆ ಭಾಗೀರಥಿಯ ಮೊರೆತ. ಮೊದಮೊದಲು ದೇವದಾರು, ಆಮೇಲೆ ಪೈನ್. ಒಂಬತ್ತು ಕಿಲೋಮೀಟರಿಗೆ ಚೀರ್‌ಬಾಸಾ ಸಿಗುತ್ತದೆ. ಚೀರ್ ಎಂದರೆ ಪೈನ್, ಬಾಸಾ ಎಂದರೆ ವಾಸ. ಬಿದ್ದ ಸೂಜಿ ಎಲೆಗಳು ಕಾಲಡಿಯಲ್ಲಿ ಚಾಪೆಯಾಗಿದ್ದವು. ಬಿಸಿಲು ಬಿದ್ದಲ್ಲೆಲ್ಲ ಸಾಂಬ್ರಾಣಿಯ ಹಾಗೆ ಅಂಟಿನ ವಾಸನೆ. ದಾರಿಗೆ ಅಡ್ಡ ಹಳ್ಳಗಳು ಬರುತ್ತವೆ. ಬೆಳಿಗ್ಗೆ ಅವು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುವಂತಿದ್ದವು. ಮಾರನೆ ದಿನ ಮಧ್ಯಾಹ್ನ ವಾಪಸ್ ಬರುವಾಗ ಅವೇ ಹಳ್ಳಗಳು ಉಬ್ಬಿ ಸದ್ದು ಮಾಡುತ್ತಿದ್ದವು. ಮಳೆ ಒಂದು ಹನಿಯೂ ಬಂದಿರಲಿಲ್ಲ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಆ ನೀರು ಮಧ್ಯಾಹ್ನಕ್ಕೆ ಇಲ್ಲಿ ಮುಟ್ಟುತ್ತದೆ. ರಾತ್ರಿ ಮೇಲೆ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಳ್ಳ ಇಳಿಯುತ್ತದೆ. ಮೋಡ ನೋಡಿ ನೀರಿನ ಲೆಕ್ಕ ಹಾಕುವ ಊರಿನಿಂದ ಹೋದವನಿಗೆ, ಬಿಸಿಲು ಬಂದರೆ ಹಳ್ಳ ತುಂಬುವ ಊರು ದೊಡ್ಡ ಬೆರಗು.

ಚೀರ್‌ಬಾಸಾ ದಾಟಿದ ಮೇಲೆ ಕಡಿದಾದ ಇಳಿಜಾರಿನಲ್ಲಿ ಕಲ್ಲು ಬೀಳುವ ಜಾಗ. ಹುಡುಗ “ಬಾಬೂಜಿ, ಮಾತಾಡಬೇಡಿ, ನಿಲ್ಲಬೇಡಿ” ಎಂದು ಬೇಗ ಬೇಗ ದಾಟಿಸಿದ. ದಾಟಿದ ಮೇಲೆ ಮೇಲಕ್ಕೆ ಬೆರಳು ತೋರಿಸಿದ. ಬಂಡೆಯ ಬಣ್ಣದ್ದೇ ಕಾಡುಕುರಿಗಳ ಹಿಂಡು. ಭರಲ್ ಎನ್ನುತ್ತಾರೆ. ಅವು ಓಡಾಡಿದರೆ ಸಾಕು, ಕಲ್ಲು ಜಾರುತ್ತದೆ. ಅವನ್ನು ಬೇಟೆಯಾಡುವ ಹಿಮಚಿರತೆಯೂ ಇದೇ ಉದ್ಯಾನದಲ್ಲಿದೆ, ಇಲಾಖೆಯ ಕ್ಯಾಮೆರಾಗಳಲ್ಲಿ ಸಿಕ್ಕಿದೆ. ನಮಗೆ ಕಾಣಲಿಲ್ಲ. ಅದು ಎಲ್ಲೋ ಮೇಲಿಂದ ನಮ್ಮನ್ನು ನೋಡುತ್ತಿರಬಹುದು ಎನ್ನುವ ಯೋಚನೆಯೇ ಮೈ ಜುಂ ಅನ್ನಿಸಿತು.

ಕಾಡು ಮುಗಿಯುವಲ್ಲಿ ಭೂರ್ಜ ಮರಗಳು. ಹಿಂದಿನವರು ಬರೆಯಲು ಬಳಸಿದ ಭೂರ್ಜಪತ್ರ ಇದರದೇ ತೊಗಟೆ. ನಮ್ಮ ಸೀಮೆಯಲ್ಲಿ ಓಲೆಗರಿ ಇದ್ದ ಹಾಗೆ ಅಲ್ಲಿ ಇದು. ಕೆಳಗೆ ಬಿದ್ದಿದ್ದ ಒಂದು ಚೂರು ಎತ್ತಿಕೊಂಡೆ. ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡಿಸಿಕೊಂಡಿತು, ಒಳಮೈ ಕೆನೆಯ ಬಣ್ಣ, ಅಡ್ಡಡ್ಡ ಗೆರೆ. ಮೇಷ್ಟರ ಕೈಗೆ ಬರೆಯುವ ಆಸೆ ಬಂದೇ ಬಂತು. ಎತ್ತಿಕೊಂಡಲ್ಲೇ ಇಟ್ಟೆ. ಭೂರ್ಜಕ್ಕಿಂತ ಮೇಲೆ ಮರವಿಲ್ಲ, ಹುಲ್ಲು, ಕಲ್ಲು, ಹಿಮ ಅಷ್ಟೆ. ಹದಿನಾಲ್ಕನೇ ಕಿಲೋಮೀಟರಿನ ತಂಗುದಾಣಕ್ಕೆ ಭೋಜ್‌ಬಾಸಾ ಎಂದು ಹೆಸರು ಬಂದದ್ದು ಇದೇ ಮರದಿಂದ. ಆದರೆ ಅಲ್ಲಿ ಹೋಗಿ ನೋಡಿದರೆ ಮರಗಳು ಬೆರಳೆಣಿಕೆಯಷ್ಟು. ನಮ್ಮ ಕಡೆ ಹೆಸರಿನಲ್ಲಿ ಮಾತ್ರ ಕೆರೆ ಉಳಿದ ಊರುಗಳಿವೆಯಲ್ಲ, ಹಾಗೆ. ಯಾತ್ರಿಕರಿಗೆ ಚಹಾ ಕಾಯಿಸಲು, ಬೆಂಕಿ ಹಾಕಲು ವರ್ಷಾನುಗಟ್ಟಲೆ ಕಡಿದರು. 1981ರಲ್ಲಿ ನಂದಾದೇವಿ ಶಿಖರ ಹತ್ತಿದ ಹರ್ಷವಂತಿ ಬಿಷ್ಟ್ ಎಂಬ ಪರ್ವತಾರೋಹಿ ಭೋಜ್‌ಬಾಸಾದಲ್ಲಿ ಮತ್ತೆ ಭೂರ್ಜದ ಸಸಿ ನೆಡುವ ಕೆಲಸ ಶುರು ಮಾಡಿದರು. ವರ್ಷದಲ್ಲಿ ಅರ್ಧ ಕಾಲ ಹಿಮದಡಿ ಇರುವ ನೆಲದಲ್ಲಿ ಸಸಿ ಉಳಿಸುವುದೆಂದರೆ ಏನು ಎಂದು ಯೋಚಿಸಿ. ನನಗೆ ಅವರು ಶಿಖರ ಹತ್ತಿದ್ದಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ.

ಆ ರಾತ್ರಿ ಭೋಜ್‌ಬಾಸಾದ ಆಶ್ರಮವೊಂದರಲ್ಲಿ ಅನ್ನ, ಬೇಳೆ ಸಿಕ್ಕಿತು. ಅಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ, ಬೇಳೆ ಬೇಯಲು ಬಹಳ ಹೊತ್ತು ಬೇಕು. ಆ ಬೇಳೆಗೆ ಎಷ್ಟು ಸೀಮೆಎಣ್ಣೆ, ಎಷ್ಟು ಗ್ಯಾಸು, ಯಾರ ಬೆನ್ನ ಮೇಲೆ ಬಂದದ್ದು ಎಂದು ನೆನೆದು ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ನನಗೆ ತಲೆನೋವು, ನಿದ್ದೆಯಿಲ್ಲ. ಅಲ್ಲಿಯ ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿಗೂ ಕಡಿಮೆ.

ಬೆಳಿಗ್ಗೆ ಇನ್ನು ನಾಲ್ಕು ಕಿಲೋಮೀಟರ್. ಎದುರಿಗೆ ಭಾಗೀರಥಿಯ ಮೂರು ಶಿಖರಗಳು, ಪಕ್ಕದಲ್ಲಿ 6,543 ಮೀಟರಿನ ಶಿವಲಿಂಗ. ದಾರಿ ಎನ್ನುವುದು ಬರೀ ಕಲ್ಲಿನ ರಾಶಿ.

ಗೋಮುಖ ಕಂಡಾಗ ನಾನು ಗುರುತಿಸಲಿಲ್ಲ. ಬೆಳ್ಳಗೆ ಹೊಳೆಯುವ ಹಿಮದ ಗೋಡೆ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಬೂದುಬಣ್ಣದ ಮಣ್ಣುಗುಡ್ಡ, ನಮ್ಮ ಕಡೆಯ ಕಲ್ಲು ಕ್ವಾರಿಯ ಹಾಗೆ. ಹಿಮನದಿಯ ಬೆನ್ನ ಮೇಲೆ ಅಷ್ಟು ಕಲ್ಲು, ಮಣ್ಣು ಕೂತಿದೆ. ಕಣ್ಣು ಹೊಂದಿಕೊಂಡ ಮೇಲೆ ಬಿರುಕುಗಳಲ್ಲಿ ಬಣ್ಣ ಕಂಡಿತು. ತಿಳಿ ನೀಲಿ. ಬಿಳಿಬಟ್ಟೆಗೆ ನೀಲಿ ಅದ್ದಿದ ಮೊದಲ ನೀರಿನಂಥ ನೀಲಿ. ಅದರ ಬುಡದಿಂದ ನದಿ ಹೊರಬರುತ್ತಿತ್ತು. ಚಿಲುಮೆಯ ಹಾಗೆ ಜಿನುಗುತ್ತ ಅಲ್ಲ, ಹುಟ್ಟುವಾಗಲೇ ದೊಡ್ಡ ನದಿಯಾಗಿ, ಭೋರ್ಗರೆಯುತ್ತ, ಮಂಜುಗಡ್ಡೆಯ ತುಂಡುಗಳನ್ನು ಉರುಳಿಸಿಕೊಂಡು. ನೀರು ಕಲಗಚ್ಚಿನ ಬಣ್ಣ. ಹಿಮನದಿ ತನ್ನ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ಬೆಟ್ಟವನ್ನೇ ರಾಗಿಕಲ್ಲಿನ ಹಾಗೆ ಬೀಸುತ್ತದೆ. ಆ ಕಲ್ಲಿನ ಹಿಟ್ಟು ನೀರಿನಲ್ಲಿ ಬರುತ್ತದೆ. ತೀರ ಹತ್ತಿರ ಹೋಗಲು ಬಿಡುವುದಿಲ್ಲ, ಹೋಗಲೂ ಬಾರದು. ನಾವು ನಿಂತಿದ್ದಾಗಲೇ ಒಂದು ಹಾಳೆ ಮಂಜುಗಡ್ಡೆ ಕಳಚಿ ಬಿತ್ತು. ಬಂಡೆ ಸಿಡಿಸಿದ ಸದ್ದು. ನಮ್ಮ ಮನೆಯವರು ನನ್ನ ಕೈ ಹಿಡಿದುಕೊಂಡವರು ಬಹಳ ಹೊತ್ತು ಬಿಡಲಿಲ್ಲ.

ಗೋಮುಖಕ್ಕೆ ಬರುವ ದಾರಿಯಲ್ಲೇ ಹುಡುಗ ಒಂದು ಕಡೆ ನಿಲ್ಲಿಸಿ, ತನ್ನ ಅಜ್ಜನ ಕಾಲಕ್ಕೆ ಗೋಮುಖ ಇಲ್ಲಿತ್ತಂತೆ ಎಂದಿದ್ದ. ಅಲ್ಲಿಂದ ಮಂಜುಗಡ್ಡೆಯ ತುದಿಗೆ ನಾವು ಎಷ್ಟೋ ಹೊತ್ತು ನಡೆದೆವು. 1935ರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯ ಜೆ. ಬಿ. ಆಡೆನ್ ಈ ತುದಿಯ ನಕ್ಷೆ ಬರೆದಿಟ್ಟರು. ಅಲ್ಲಿಂದ ಈಚೆಗಿನ ಲೆಕ್ಕ ನೋಡಿದರೆ, ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ, ಸರಾಸರಿ ವರ್ಷಕ್ಕೆ ಇಪ್ಪತ್ತು ಮೀಟರಿನ ಆಸುಪಾಸು ಹಿಂದೆ ಸರಿದಿದೆ. ಹಿಂದೆ ಸರಿಯುವುದು ಎಂದರೆ ಮಂಜುಗಡ್ಡೆ ಹಿಮ್ಮುಖವಾಗಿ ನಡೆಯುತ್ತದೆ ಎಂದಲ್ಲ. ತಣಿಯುತ್ತಿರುವ ಬೆಲ್ಲದ ಪಾಕ ಓರೆ ಮಾಡಿದ ಕೊಪ್ಪರಿಗೆಯಲ್ಲಿ ಜಾರುವ ಹಾಗೆ ಅದು ಸದಾ ಕೆಳಕ್ಕೇ ಬರುತ್ತಿರುತ್ತದೆ. ಬರುವುದಕ್ಕಿಂತ ಬೇಗ ತುದಿ ಕರಗುತ್ತದೆ. ಅದಕ್ಕೇ ತುದಿ ಮೇಲಕ್ಕೆ ಹೋದಂತೆ ಕಾಣುತ್ತದೆ.

ಹಾಗಾದರೆ ಉಗಮ ಎಲ್ಲಿ? ನನ್ನ ಕಣ್ಣೆದುರು ಕರಗುತ್ತಿದ್ದ ಮಂಜುಗಡ್ಡೆ ಸುಮಾರು ಮೂವತ್ತು ಕಿಲೋಮೀಟರ್ ಹಿಂದೆ, 7,138 ಮೀಟರಿನ ಚೌಖಂಬಾದ ತಪ್ಪಲಲ್ಲಿ, ಯಾವುದೋ ಕಾಲದಲ್ಲಿ ಹಿಮವಾಗಿ ಬಿದ್ದದ್ದು. ಹಿಮದ ಮೇಲೆ ಹಿಮ ಕೂತು, ಒತ್ತಿಕೊಂಡು, ಮಂಜುಗಡ್ಡೆಯಾಗಿ, ತೆವಳಿಕೊಂಡು ಬಂದದ್ದು. ದಾರಿಯಲ್ಲಿ ನಾವು ದಾಟಿದ ಹಳ್ಳಗಳೂ ಅದೇ ನದಿಗೆ ಸೇರಿದವೇ. ಕೆಳಗೆ ದೇವಪ್ರಯಾಗದಲ್ಲಿ ಅಲಕನಂದೆ ಸೇರಿದ ಮೇಲೆಯೇ ಅದಕ್ಕೆ ಗಂಗೆ ಎಂಬ ಹೆಸರು. ನಾನು ಅಂಕ ಕೊಟ್ಟ ಉತ್ತರ ತಪ್ಪೆಂದು ಹೇಳುತ್ತಿಲ್ಲ. ಆದರೆ ನದಿ ಒಂದು ಬಿಂದುವಿನಲ್ಲಿ ಹುಟ್ಟುತ್ತದೆ ಎಂದು ಮಕ್ಕಳ ತಲೆಯಲ್ಲಿ ಕೂರಿಸಿದೆನಲ್ಲ, ಅದು ನನಗೆ ಈಗ ನೋವಿನ ಸಂಗತಿ. ಹಿಮ ಹಿಡಿದಿಡುವ ಇಡೀ ಬೆಟ್ಟವೇ ಅಲ್ಲಿ ಉಗಮ. ನಮ್ಮಲ್ಲಿ ಹಿಮವಿಲ್ಲ. ನಮ್ಮ ಪಿನಾಕಿನಿಗೆ ಗುಡ್ಡದ ಹುಲ್ಲು, ಬಂಡೆಯ ಸಂದಿನ ಮಣ್ಣು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು, ನಮ್ಮಜ್ಜಿ ಚಿಲುಮೆ ತೋಡಿದ ಆ ಮರಳು, ಇವೇ ಹಿಮನದಿಯ ಕೆಲಸ ಮಾಡುತ್ತಿದ್ದವು. ಮಳೆಯನ್ನು ತಡೆದಿಟ್ಟುಕೊಂಡು ಬೇಸಿಗೆಗೆ ಸ್ವಲ್ಪ ಸ್ವಲ್ಪ ಬಿಡುತ್ತಿದ್ದವು. 2021ರ ಮಳೆಗಾಲ ನೆನಪಿದೆಯಲ್ಲ? ಆಗಸ್ಟಿನಲ್ಲಿ ನಂದಿಬೆಟ್ಟದ ರಸ್ತೆಯೇ ಕುಸಿಯಿತು. ಆ ವರ್ಷ ಎಷ್ಟೋ ಕಾಲದ ಮೇಲೆ ಕೆರೆಗಳು ಕೋಡಿ ಹರಿದವು, ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ “ಮೇಷ್ಟ್ರೇ, ಹೊಳೆ ಬಂದಿದೆ!” ಎಂದು ನೀರಿನ ಸದ್ದು ಕೇಳಿಸಿದ್ದ. ಅಷ್ಟು ನೀರು ಬಂದಿತ್ತು. ಹಿಡಿದಿಡುವ ಮರಳು ಮಾತ್ರ ಇರಲಿಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾರೆ. 2025ರ ಆಗಸ್ಟ್ 5ರಂದು ಧರಾಲಿಯ ಮೇಲೆ ಖೀರ್ ಗಂಗಾ ಹಳ್ಳದಿಂದ ಕೆಸರು, ಕಲ್ಲು, ನೀರು ಒಟ್ಟಿಗೆ ಇಳಿಯಿತು. ಆ ದೃಶ್ಯ ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಮನೆ, ಹೋಟೆಲು, ತೋಟ ಕ್ಷಣದಲ್ಲಿ ಮುಚ್ಚಿಹೋದವು. ನಮ್ಮ ಮನೆಯವರು ಟಿವಿಯ ಮುಂದೆ ನಿಂತು ಆ ರೊಟ್ಟಿಯಂಗಡಿ ಎಲ್ಲಿತ್ತು ಎಂದು ಹುಡುಕುತ್ತಲೇ ಇದ್ದರು. ಆಕೆಯ ಹೆಸರು ನಾವು ಕೇಳಿರಲಿಲ್ಲ.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಬೇಡ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯ ಮುಂಚಿನವರೆಗೆ ಒಳ್ಳೆಯದು. ರಸ್ತೆಯ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ, ಪರವಾನಗಿ ಮೊದಲೇ ಮಾಡಿಸಿ. ಗಂಗೋತ್ರಿಯಲ್ಲಿ ಒಂದು ದಿನ ಕಡ್ಡಾಯವಾಗಿ ತಂಗಿ. ತಲೆನೋವು ಹೆಚ್ಚಾಗಿ ವಾಂತಿ ಬಂದರೆ ಹಟ ಮಾಡದೆ ಕೆಳಗಿಳಿಯಿರಿ. ನಾವು ರಾಗಿ ಹುರಿಹಿಟ್ಟು, ಬೆಲ್ಲ ಬಟ್ಟೆಯ ಚೀಲದಲ್ಲಿ ಒಯ್ದಿದ್ದೆವು. ಬಿಸಿನೀರು ಸಿಕ್ಕರೆ ಊಟ ಆದಂತೆ, ಕಸವೂ ಇಲ್ಲ.

ಕಾಲಿಗೆ ಅಭ್ಯಾಸ ಬೇಕು. ನಾವು ಹೋಗುವ ಮುಂಚೆ ಎರಡು ತಿಂಗಳು ವಾರಕ್ಕೆರಡು ಸಲ ನಂದಿಬೆಟ್ಟವನ್ನು ಬುಡದಿಂದ ಮೆಟ್ಟಿಲ ದಾರಿಯಲ್ಲೇ ಹತ್ತಿದೆವು. ಈಗಲೂ ಹತ್ತುತ್ತೇವೆ. ಮಳೆ ನಿಂತು ನಾಲ್ಕೈದು ದಿನವಾದ ಮೇಲೆ ಹೋಗಿ. ಆಕಾಶ ತಿಳಿಯಾಗಿರುತ್ತದೆ, ಮೆಟ್ಟಿಲು ಒಣಗಿರುತ್ತದೆ, ಆದರೆ ಅಲ್ಲಲ್ಲಿ ಬಂಡೆಯ ಸಂದಿಯಿಂದ, ಪಾಚಿಯ ಅಡಿಯಿಂದ ಬೆರಳಿನಷ್ಟು ಸಣ್ಣ ನೀರು ಇನ್ನೂ ಜಿನುಗುತ್ತಿರುತ್ತದೆ. ನಾವು ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತೇವೆ.

ನಮಸ್ಕಾರ.